ಬಾಗಿಲಿಲ್ಲದ ನಿಲ್ದಾಣಕ್ಕೆ ಬಂದ ಬಾಗಿಲು

ಮುಂಬಯಿಯ ಲೋಕಲ್ ನಿಲ್ದಾಣಗಳಿಗೆ ಬಾಗಿಲು ಎಂಬುದಿಲ್ಲ. ನಮ್ಮ ಠಾಕುರ್ಲಿಯನ್ನೇ ನೋಡಿ. ಡೊಂಬಿವಲಿ, ಕಲ್ಯಾಣಗಳ ನಡುವಿನ ಈ ಪುಟ್ಟ ನಿಲ್ದಾಣಕ್ಕೆ ಪೂರ್ವದಿಂದ ಬಂದರೂ ಪಶ್ಚಿಮದಿಂದ ಬಂದರೂ ತಡೆಯುವ ಕದವಿಲ್ಲ. ಟಿಕೇಟು ಉಳ್ಳವನೂ ಇಲ್ಲದವನೂ ಒಂದೇ ಸೇತುವೆ ಹತ್ತಿ ಇಳಿಯುತ್ತಾರೆ, ಟಿ.ಸಿ. ಎದುರಾದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಇಂಥ ನಿಲ್ದಾಣಗಳಿಗೂ 2020 ಮತ್ತು 2021ರಲ್ಲಿ ಬಾಗಿಲು ಬಂತು. ಅದರ ಕೀಲಿಕೈ ಮೊಬೈಲಿನ ಪರದೆಯ ಮೇಲಿನ ಒಂದು ಕಪ್ಪು ಬಿಳುಪಿನ ಚೌಕ. ಆ ಬಾಗಿಲು ಈಗ ಇಲ್ಲವಾದರೂ ಅದರ ಕಥೆಯನ್ನು ಬರೆದಿಡುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಒಳಗೆ ಬಿಡುವ ಅಧಿಕಾರವನ್ನು ಒಂದು ಚೀಟಿಗೆ ವಹಿಸುವ ಕ್ರಮ ಹೊಸದಲ್ಲ. ಇಂಗ್ಲೆಂಡಿನಲ್ಲಿ ಮೊದಮೊದಲು ರೈಲು ಟಿಕೇಟನ್ನು ಗುಮಾಸ್ತನು ಕೈಯಲ್ಲೇ ಬರೆದು ಕೊಡಬೇಕಾಗಿತ್ತು. 1830ರ ದಶಕದ ಕೊನೆಗೆ ನ್ಯೂಕ್ಯಾಸಲ್–ಕಾರ್ಲೈಲ್ ರೈಲು ಮಾರ್ಗದ ಸ್ಟೇಷನ್ ಮಾಸ್ತರ ಥಾಮಸ್ ಎಡ್ಮಂಡ್‌ಸನ್ ಎಂಬಾತ ಕ್ರಮಸಂಖ್ಯೆ ಮುದ್ರಿಸಿದ ದಪ್ಪ ರಟ್ಟಿನ ಟಿಕೇಟನ್ನೂ ಅದರ ಮೇಲೆ ತಾರೀಖು ಒತ್ತುವ ಯಂತ್ರವನ್ನೂ ರೂಪಿಸಿದ. ಮೂಲತಃ ಆತ ಮರಗೆಲಸದವನು. ನಾವೆಲ್ಲ ಬಾಲ್ಯದಲ್ಲಿ ಕೂಡಿಟ್ಟು ಆಡಿದ ರಟ್ಟಿನ ಟಿಕೇಟು ಅದೇ. ಆ ಟಿಕೇಟು, ಹಿಡಿದವನು ಯಾರೆಂದು ಕೇಳುತ್ತಿರಲಿಲ್ಲ. ಹಣ ಸಂದಿದೆಯೆ ಎಂಬುದೊಂದೇ ಅದಕ್ಕೆ ಬೇಕಾದ ಮಾತು.

ಕ್ಯೂಆರ್ ಎಂಬ ಚೌಕ ಸಂಕೇತ ಹುಟ್ಟಿದ್ದೂ ಮನುಷ್ಯರಿಗಾಗಿ ಅಲ್ಲ, ಮೋಟಾರು ಬಿಡಿಭಾಗಗಳ ಲೆಕ್ಕಕ್ಕಾಗಿ. 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯ ಮಸಾಹಿರೊ ಹಾರಾ ಮತ್ತು ಸಂಗಡಿಗರು ಇದನ್ನು ಸಿದ್ಧಪಡಿಸಿದರು. ಗೆರೆಗೆರೆಯ ಹಳೆಯ ಬಾರ್‌ಕೋಡಿನಲ್ಲಿ ಸುಮಾರು 20 ಅಕ್ಷರ ಹಿಡಿದರೆ, ಈ ಚೌಕದಲ್ಲಿ 7,089 ಅಂಕಿಗಳವರೆಗೆ ಹಿಡಿಸಬಹುದು. ಮೂರು ಮೂಲೆಯ ದೊಡ್ಡ ಚೌಕಗಳಿಂದ ಯಂತ್ರವು ಮೇಲು ಕೆಳಗನ್ನು ಗುರುತಿಸುತ್ತದೆ. ಸಂಕೇತದ ಶೇಕಡಾ 30ರಷ್ಟು ಅಳಿಸಿ ಹೋದರೂ ಗಣಿತದ ಬಲದಿಂದ ಉಳಿದುದನ್ನು ಓದಿಕೊಳ್ಳುವಂತೆ ಅದನ್ನು ರಚಿಸಬಹುದು. ಬಹು ಜಾಣ ಯಂತ್ರವಿದ್ಯೆ, ಸಂದೇಹವಿಲ್ಲ. ಆದರೆ ತನ್ನಲ್ಲಿ ಬರೆದುದನ್ನು ಒಪ್ಪಿಸುವುದಷ್ಟೇ ಅದರ ಕೆಲಸ. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬುದು ಬೇರೆ ಕಡೆ, ಬೇರೆಯವರಿಂದ ತೀರ್ಮಾನವಾಗಿರುತ್ತದೆ.

2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಕಾರಣದಿಂದ ಲೋಕಲ್ ನಿಂತಿತು. ದಿನಕ್ಕೆ 70 ಲಕ್ಷಕ್ಕೂ ಮಿಕ್ಕಿ ಜನರನ್ನು ಹೊರುತ್ತಿದ್ದ ಗಾಡಿಗಳವು. ಜೂನ್ 15ರಂದು ಅತ್ಯಗತ್ಯ ಸೇವೆಯವರಿಗಾಗಿ ಮತ್ತೆ ಓಡಿದವು. ಜುಲೈ 1ರಿಂದ ನಮ್ಮಂಥ ಕೇಂದ್ರ ಸರಕಾರಿ ನೌಕರರಿಗೂ, ಬ್ಯಾಂಕಿನವರಿಗೂ ಅವಕಾಶವಾಯಿತು. ಪ್ರವೇಶಗಳನ್ನು ಮುಚ್ಚಿ ಒಂದೆರಡನ್ನು ಮಾತ್ರ ಬಿಟ್ಟು, ಅಲ್ಲಿ ಗುರುತಿನ ಚೀಟಿ ನೋಡತೊಡಗಿದರು. ಅಕ್ಟೋಬರ್ 21ರಿಂದ ಮಹಿಳೆಯರಿಗೆ, 2021ರ ಫೆಬ್ರವರಿ 1ರಿಂದ ಸರ್ವರಿಗೆ, ಗೊತ್ತುಪಡಿಸಿದ ವೇಳೆಯಲ್ಲಿ ಪ್ರವೇಶ ಸಿಕ್ಕಿತು. ಏಪ್ರಿಲಿನಲ್ಲಿ ಎರಡನೆಯ ಅಲೆ ಬಂದು ಕದ ಮತ್ತೆ ಮುಚ್ಚಿತು.

ಮುಂದಿನ ಬಾಗಿಲು ತೆರೆದದ್ದು 2021ರ ಆಗಸ್ಟ್ 15ರಂದು. ಲಸಿಕೆಯ ಎರಡೂ ಡೋಸ್ ಪಡೆದು 14 ದಿನ ಕಳೆದವರಿಗೆ ಪ್ರಯಾಣದ ಪಾಸು ಎಂದು ರಾಜ್ಯ ಸರಕಾರ ಸಾರಿತು. ಲಸಿಕೆ ಪಡೆದಾಗ ಕೊಟ್ಟ ಮೊಬೈಲ್ ಸಂಖ್ಯೆಯನ್ನು ನಮೂದಿಸಿ, ಭಾವಚಿತ್ರ ಸೇರಿಸಿದರೆ ಕ್ಯೂಆರ್ ಸಂಕೇತವುಳ್ಳ ಪಾಸು ಫೋನಿಗೆ ಬರುತ್ತಿತ್ತು. ಫೋನಿಲ್ಲದವರು ಕಾಗದಪತ್ರ ತೋರಿಸಿ ಮುದ್ರೆ ಹಾಕಿಸಿಕೊಳ್ಳಲು ಏರ್ಪಾಟಿತ್ತು. ಆದರೆ ಬಿಡಿ ಟಿಕೇಟು ಇರಲಿಲ್ಲ. ಒಂದು ದಿನದ ಕೆಲಸಕ್ಕೂ ತಿಂಗಳ ಪಾಸೇ ಗತಿ.

ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡೋಣ. ಹದಿನೆಂಟು ದಾಟಿದ ಎಲ್ಲರಿಗೂ ಕೇಂದ್ರದ ಉಚಿತ ಲಸಿಕೆ ಆರಂಭವಾದುದು 2021ರ ಜೂನ್ 21ರಂದು. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆ ಆಗ ಕನಿಷ್ಠ 84 ದಿನ ಕಳೆಯಬೇಕು. ಆ ಮೊದಲ ದಿನವೇ ಸೂಜಿ ಚುಚ್ಚಿಸಿಕೊಂಡ ಇಪ್ಪತ್ತರ ಹುಡುಗನಿಗೆ ಎರಡನೆಯದು ಸೆಪ್ಟೆಂಬರ್ 13ಕ್ಕೆ, ಪಾಸು 27ಕ್ಕೆ. ಅವನು ಉಡುಪಿ ಕಡೆಯಿಂದ ಬಂದ ಹೋಟೆಲ್ ಕೆಲಸದವನಾಗಿರಲಿ, ಅಂಗಡಿಯ ಕಾರಕೂನನಾಗಿರಲಿ, ತಪ್ಪೇನೂ ಮಾಡದೆ ಆರು ವಾರ ಲೋಕಲಿನ ಹೊರಗೆ. ರಸ್ತೆಯಲ್ಲಿ ಮುಂಬಯಿಗೆ ಹೋಗಿಬರುವ ಖರ್ಚು ಅವನ ಸಂಬಳದಿಂದಲೇ ಕಳೆಯಬೇಕು. ರೋಗದ ಭಯ ಸುಳ್ಳಲ್ಲ, ಜನಸಂದಣಿಯ ಅಪಾಯವೂ ಸುಳ್ಳಲ್ಲ. ಆದರೂ ಬಾಗಿಲಲ್ಲಿ ನಿಂತ ಸಿಪಾಯಿಗೆ ಇದನ್ನೆಲ್ಲ ಹೇಳಿ ಫಲವೇನು? ಅವನ ಕೈಯಲ್ಲಿ ಏನೂ ಇರಲಿಲ್ಲ.

ಭಾಗವತದಲ್ಲಿ ಜಯ ವಿಜಯರ ಕಥೆಯುಂಟು. ವೈಕುಂಠದ ದ್ವಾರಪಾಲಕರು ಸನಕಾದಿ ಮುನಿಗಳನ್ನು ತಡೆದು ಶಾಪಗ್ರಸ್ತರಾದರು. ತಡೆಯಬಾರದವರನ್ನು ತಡೆದರೆ ತಡೆದವನು ಉತ್ತರ ಹೇಳಬೇಕು ಎಂಬುದು ಅದರ ನೀತಿ. ಸಂಕೇತಕ್ಕೆ ಶಾಪ ತಟ್ಟುವುದಿಲ್ಲ. ಆದುದರಿಂದ ಅದನ್ನು ಬಾಗಿಲಲ್ಲಿ ನಿಲ್ಲಿಸಿದವರನ್ನೇ ಕೇಳಬೇಕಾಗುತ್ತದೆ. ಹಾಗೆ ಕೇಳಿದವರೂ ಉಂಟು. ಎರಡು ಡೋಸ್ ಆದವರಿಗೆ ಮಾತ್ರ ಲೋಕಲ್ ಎಂಬ ನಿರ್ಬಂಧವನ್ನು ಪ್ರಶ್ನಿಸಿ ಅರ್ಜಿಗಳು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋದವು. 2022ರ ಫೆಬ್ರವರಿಯಲ್ಲಿ ನ್ಯಾಯಾಲಯವು ಆ ಆದೇಶಗಳನ್ನು ಹೊರಡಿಸಿದ ಕ್ರಮವನ್ನೇ ಆಕ್ಷೇಪಿಸಿತು. ಏಪ್ರಿಲ್ 1ರಿಂದ ರಾಜ್ಯವು ಕೊರೊನಾ ನಿರ್ಬಂಧಗಳನ್ನೆಲ್ಲ ತೆಗೆದುಹಾಕಿತು. ಠಾಕುರ್ಲಿ ಮತ್ತೆ ಬಾಗಿಲಿಲ್ಲದ ನಿಲ್ದಾಣವಾಯಿತು.

ಆದರೆ ಸಂಕೇತ ಹೋಗಲಿಲ್ಲ. ಘಾಟ್ಕೋಪರಿನಲ್ಲಿ ಇಳಿದು ಮೆಟ್ರೋ ಹತ್ತುವವರು ಅದನ್ನು ತೋರಿಸಿಯೇ ಕದ ತೆರೆಸುತ್ತಾರೆ. ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ 2022ರ ನವೆಂಬರ್ 1ರಿಂದ, ರಾಜ್ಯೋತ್ಸವದ ದಿನದಿಂದಲೇ, ಫೋನಿನ ಕ್ಯೂಆರ್ ಟಿಕೇಟು ಚಾಲ್ತಿಗೆ ಬಂತು. ಕಾಲೇಜು, ಕಚೇರಿ, ಗೃಹಸಂಕೀರ್ಣಗಳ ದ್ವಾರಗಳಲ್ಲೂ ಫೋನಿನ ಸಂಕೇತ ಕಾಣಿಸಿಕೊಳ್ಳುತ್ತಿದೆ. ಇದರಿಂದ ಅನುಕೂಲವಿದೆ, ಸರತಿಯ ಸಾಲು ಕರಗುತ್ತದೆ, ಬೇಡವೆನ್ನುವುದು ಸಲ್ಲದು. ನಮ್ಮ ಸೂಚನೆ ಇಷ್ಟೆ. ಸಂಕೇತ ಓದುವ ಪ್ರತಿ ಬಾಗಿಲ ಬಳಿಯಲ್ಲಿ ಅದು ಬೇಡವೆಂದವನನ್ನೂ ವಿಚಾರಿಸಿ ಒಳಗೆ ಬಿಡುವ ಅಧಿಕಾರವುಳ್ಳ ಒಬ್ಬ ಮನುಷ್ಯ ಇರಬೇಕು. ಅಂಥವನನ್ನು ನೇಮಿಸಲು ಆಡಳಿತದವರಿಗೆ ಖರ್ಚು ತಗಲುತ್ತದೆ. ನೇಮಿಸದಿದ್ದರೆ ಆ ಖರ್ಚು ಹೊರಗೆ ನಿಂತವನ ಮೇಲೆ ಬೀಳುತ್ತದೆ.