ದಾರಿ ಬಿಡಬೇಕಾದವರು ಯಾರು? ಥಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬಯಿ ರಸ್ತೆಗಳ ಕಥೆ

ಇತಿಹಾಸದ ಮಾತು ಅಂದ ಕೂಡಲೇ ಕೋಟೆ, ಶಾಸನ, ಯುದ್ಧ ಅಂತ ಕಾದು ಕೂತಿರ್ತೀರಿ. ಇವತ್ತು ಅದ್ಯಾವುದೂ ಇಲ್ಲ. ಇವತ್ತಿನ ವಿಷಯ ರಸ್ತೆ. ಅದರಲ್ಲೂ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ರಸ್ತೆಗಳು. ಉಡುಪಿ, ಮಂಗಳೂರು, ಧಾರವಾಡ, ಕಲಬುರಗಿ ಕಡೆಯಿಂದ ಹೋಟೆಲು, ಬ್ಯಾಂಕು, ಕಾರ್ಖಾನೆ ಅಂತ ಹೋಗಿ ನೆಲೆಸಿದ ನಮ್ಮವರು ಬಹಳ ಇರೋ ಊರುಗಳಿವು. ನಾನೂ ಡೊಂಬಿವಲಿಯಲ್ಲಿ ಹದಿನೆಂಟು ವರ್ಷ ಇದ್ದವನು.

ಅಲ್ಲಿ ಮೂರು ತರಹದ ದೂರು ಕೇಳಿಸುತ್ತೆ. ಕಾರಿನವರು "ಈ ಸೈಕಲ್‌ನೋರು ಮಧ್ಯ ರಸ್ತೇಲಿ ಬರ್ತಾರೆ" ಅಂತಾರೆ. ಸೈಕಲ್‌ನೋರು "ನಮ್ಮ ಮೈಮೇಲೇ ಗಾಡಿ ತರ್ತಾರೆ" ಅಂತಾರೆ. ನಡೆಯೋರು ಇಬ್ಬರಿಗೂ ಶಾಪ ಹಾಕ್ತಾರೆ, ಯಾಕಂದ್ರೆ ಫುಟ್‌ಪಾತ್ ಮೇಲೆ ಬೈಕು ಬರುತ್ತೆ, ಅಂಗಡಿ ಇರುತ್ತೆ, ಕಾರು ನಿಂತಿರುತ್ತೆ. ಜನಕ್ಕೆ ಶಿಸ್ತಿಲ್ಲ ಅಂದುಬಿಟ್ಟರೆ ಮಾತು ಮುಗೀತು. ಆದರೆ ಈ ನಾಲ್ಕು ಊರುಗಳು ಬೆಳೆದ ರೀತಿ ನೋಡಿದ್ರೆ ಜಗಳಕ್ಕೆ ಕಾರಣ ಬೇರೆ ಕಡೆ ಸಿಗುತ್ತೆ.

ಮೊದಲು ರೈಲಿನಿಂದ ಶುರು ಮಾಡೋಣ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು, ಸುಮಾರು 34 ಕಿ.ಮೀ. ಮರುವರ್ಷ, 1854ರ ಮೇ ತಿಂಗಳಲ್ಲಿ ಹಳಿ ಕಲ್ಯಾಣ್ ಮುಟ್ಟಿತು. ಅಲ್ಲಿಂದ ಒಂದು ದಾರಿ ನಾಸಿಕ್ ಕಡೆಗೆ, ಇನ್ನೊಂದು ಪುಣೆ ಕಡೆಗೆ ಒಡೆಯಿತು. ಥಾಣೆ, ಕಲ್ಯಾಣ್ ಎರಡೂ ಅದಕ್ಕಿಂತ ಬಹಳ ಹಳೆಯ ಬಂದರು ಊರುಗಳು. ಆದರೆ ರೈಲು ಬಂದಮೇಲೆ ಊರು ಬೆಳೆದದ್ದು ಸ್ಟೇಶನ್ನಿನ ಸುತ್ತ. ಸ್ಟೇಶನ್ ರೋಡ್ ಅಂದ್ರೆ ಎರಡೂ ಬದಿ ಅಂಗಡಿ, ಅಂಗಡಿ ಮೇಲೆ ಮನೆ, ನಡುವೆ ಜನ, ಎತ್ತಿನಗಾಡಿ, ಟಾಂಗಾ. ನಡೆಯೋರಿಗೆ ಬೇರೆ ಜಾಗ ಅಂತ ಯಾರೂ ಗುರುತು ಹಾಕಲಿಲ್ಲ. ಇಡೀ ರಸ್ತೆಯೇ ನಡೆಯೋರದ್ದಾಗಿತ್ತು, ಗಾಡಿಗಳು ಅವರ ನಡುವೆ ದಾರಿ ಕೇಳಿಕೊಂಡು ಹೋಗ್ತಿದ್ದವು.

ರೈಲು ಇನ್ನೊಂದು ಕೆಲಸವನ್ನೂ ಮಾಡಿತು, ಊರನ್ನ ಎರಡು ಭಾಗ ಮಾಡಿತು. ಇವತ್ತಿಗೂ ಡೊಂಬಿವಲಿಯಲ್ಲಿ ವಿಳಾಸ ಹೇಳುವಾಗ ಮೊದಲು ಈಸ್ಟೋ ವೆಸ್ಟೋ ಅಂತ ಹೇಳಬೇಕು. ಹಳಿ ದಾಟೋಕೆ ಬೆರಳೆಣಿಕೆಯ ಸೇತುವೆಗಳು. ಇದನ್ನ ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಇನ್ನು ಸೈಕಲ್. ಮೊದಮೊದಲು ಅದು ವಿಲಾಯಿತಿ ವಸ್ತು, ಉಳ್ಳವರ ಸೊತ್ತು. ಸ್ವಾತಂತ್ರ್ಯದ ನಂತರ ಚಿತ್ರ ಬದಲಾಯಿತು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ ಶುರುವಾದವು. ಅದೇ ಕಾಲಕ್ಕೆ ಸರಿಯಾಗಿ ಥಾಣೆ ಸೀಮೆಯಲ್ಲಿ ಕಾರ್ಖಾನೆಗಳು ಎದ್ದವು. 1962ರಲ್ಲಿ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದ್ರೆ ಎಂಐಡಿಸಿ ಹುಟ್ಟಿತು. ಥಾಣೆಯ ವಾಗ್ಳೆ ಎಸ್ಟೇಟ್, ಥಾಣೆ-ಬೇಲಾಪುರ ಪಟ್ಟಿ, ಡೊಂಬಿವಲಿ, ಅಂಬರನಾಥ್ ಎಲ್ಲ ಕಡೆ ಪಾಳಿಯ ಕೆಲಸ. ಕಾರ್ಮಿಕನಿಗೆ ಸೈಕಲ್ ಅಂದ್ರೆ ಬಸ್ಸಿನ ದುಡ್ಡು ಉಳಿಸೋ ಯಂತ್ರ. ಡಬ್ಬಾವಾಲಾಗಳನ್ನೇ ನೋಡಿ. 1890ರಿಂದ ನಡೆದುಕೊಂಡು ಬಂದ ಅವರ ವ್ಯವಸ್ಥೆ ಇವತ್ತಿಗೂ ನಿಂತಿರೋದು ಲೋಕಲ್ ರೈಲು, ಕಾಲು ಮತ್ತು ಸೈಕಲ್ ಮೇಲೆ.

ಆಗಿನ ಕಾನೂನು ಯಾರ ಮೇಲೆ ಕಣ್ಣಿಟ್ಟಿತ್ತು ಗೊತ್ತಾ? ಸೈಕಲ್‌ನವನ ಮೇಲೆ. ನಮ್ಮ ಕರ್ನಾಟಕದ ಊರುಗಳ ಹಿರಿಯರನ್ನ ಕೇಳಿ. ನಗರಸಭೆಗೆ ತೆರಿಗೆ ಕಟ್ಟಿ ಸೈಕಲ್‌ಗೆ ಬಿಲ್ಲೆ ಹಾಕಿಸಬೇಕಿತ್ತು. ರಾತ್ರಿ ದೀಪ ಇಲ್ಲದೆ ಹೋದರೆ, ಡಬಲ್ಸ್ ಹೋದರೆ ಪೊಲೀಸ್ ಹಿಡೀತಿದ್ದ, ದಂಡ ಹಾಕ್ತಿದ್ದ, ಇಲ್ಲಾ ಚಕ್ರದ ಗಾಳಿ ಬಿಟ್ಟು ಕಳಿಸ್ತಿದ್ದ. ಇದರಲ್ಲಿ ಒಂದು ನ್ಯಾಯ ಇತ್ತು ಅಂತ ನನಗನ್ನಿಸುತ್ತೆ. ನಡೆಯೋರ ಬೀದಿಯಲ್ಲಿ ಜೋರಾಗಿ ಹೋಗೋನು ಆಗ ಸೈಕಲ್‌ನವನೇ. ವೇಗ ಇರೋನು ಹುಷಾರಾಗಿರಬೇಕು ಅನ್ನೋದು ನಿಯಮ.

ಆ ನಿಯಮ ತಲೆಕೆಳಗಾಗಿದ್ದು 1980ರ ದಶಕದಲ್ಲಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಸ್ವಲ್ಪದರಲ್ಲೇ ಹೀರೋ ಹೊಂಡಾ ಬಂತು. ಅದೇ ಹೊತ್ತಿಗೆ ಈ ಊರುಗಳೂ ದೊಡ್ಡವಾದವು. 1982ರಲ್ಲಿ ಥಾಣೆ, 1983ರಲ್ಲಿ ಕಲ್ಯಾಣ್ ಮಹಾನಗರಪಾಲಿಕೆಗಳಾದವು. ಕಲ್ಯಾಣ್-ಡೊಂಬಿವಲಿಯಲ್ಲಂತೂ ಪ್ರೀಮಿಯರ್ ಕಂಪನಿಯ ಕಾರ್ಖಾನೆಯೇ ಇತ್ತು, 1990ರ ದಶಕದಲ್ಲಿ ಅಲ್ಲಿ ಪ್ಯೂಜೋ 309 ಕಾರು ತಯಾರಾಯಿತು. ಜನ ಹೆಚ್ಚಿದರು, ಗಾಡಿ ಹೆಚ್ಚಿತು, ಸ್ಟೇಶನ್ ರೋಡ್ ಮಾತ್ರ ಟಾಂಗಾ ಕಾಲದ ಅಗಲದಲ್ಲೇ ಉಳೀತು. ಈಗ ಜೋರಾಗಿ ಹೋಗೋನು ಬೇರೆಯವನು. ಆದರೆ ಹುಷಾರಾಗಿರಬೇಕಾದ ಹೊಣೆ ಅವನ ತಲೆಗೆ ಬರಲಿಲ್ಲ. ನಿಧಾನ ಹೋಗೋನೇ ಪಕ್ಕಕ್ಕೆ ಸರೀಬೇಕು ಅಂತಾಯಿತು. ಕಾಗದದ ಮೇಲೆ ಕಾನೂನು ಹಾಗಿರಲಿಲ್ಲ. 1989ರ ರಸ್ತೆ ನಿಯಮಾವಳಿಯಲ್ಲೇ ಫುಟ್‌ಪಾತ್ ಮತ್ತು ಸೈಕಲ್ ದಾರಿ ಮೇಲೆ ಮೋಟಾರು ವಾಹನ ಓಡಿಸಬಾರದು ಅಂತ ಬರೆದಿತ್ತು. ರೂಢಿ ಬೇರೆ ಆಯಿತು.

ಹಳೆ ಊರುಗಳಿಗೆ ಜಾಗ ಇರಲಿಲ್ಲ, ಸರಿ. ಹೊಸದಾಗಿ ಕಟ್ಟಿದ ಊರಲ್ಲಿ ಏನಾಯಿತು? ನವಿ ಮುಂಬಯಿ ಕಥೆ ಇಲ್ಲೇ ಮುಖ್ಯ ಆಗೋದು. 1965ರಲ್ಲಿ ಮಾರ್ಗ್ ಪತ್ರಿಕೆಯಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಮೂವರು ಸೇರಿ ಒಂದು ಪ್ರಸ್ತಾಪ ಮುಂದಿಟ್ಟರು: ಮುಂಬಯಿ ಉತ್ತರಕ್ಕೆ ಮಾತ್ರ ಉದ್ದ ಆಗೋದು ಬೇಡ, ಖಾರಿಯ ಆಚೆ ದಡದಲ್ಲಿ ಹೊಸ ನಗರ ಕಟ್ಟೋಣ. 1970ರ ಮಾರ್ಚ್‌ನಲ್ಲಿ ಸಿಡ್ಕೋ ಹುಟ್ಟಿತು. 95 ಹಳ್ಳಿಗಳ ಸೀಮೆ, ಒಟ್ಟು 344 ಚದರ ಕಿ.ಮೀ. ಯೋಜನೆಯ ತಿರುಳು ಏನಂದ್ರೆ ಒಂದೇ ದೊಡ್ಡ ಊರಿನ ಬದಲು ಸಣ್ಣ ಸಣ್ಣ ನೋಡ್‌ಗಳು, ಅವನ್ನ ಜೋಡಿಸೋ ರೈಲು-ಬಸ್ಸು, ಒಳಗೆ ಕಾಲ್ನಡಿಗೆಗೆ ಸಿಗೋ ಅಂಗಡಿ, ಶಾಲೆ. 1980ರ ದಶಕದಲ್ಲಿ ಕೊರಿಯಾ ಬೇಲಾಪುರದಲ್ಲಿ ಕಟ್ಟಿಸಿದ ಆರ್ಟಿಸ್ಟ್ಸ್ ವಿಲೇಜ್ ನೋಡಿದ್ರೆ ಆ ಕನಸು ಹೇಗಿತ್ತು ಅಂತ ತಿಳಿಯುತ್ತೆ. ಕೆಲವೇ ಮನೆಗಳು ಒಂದು ಅಂಗಳದ ಸುತ್ತ, ಅಂಥ ಅಂಗಳಗಳು ಸೇರಿ ಇನ್ನೊಂದು ದೊಡ್ಡ ಅಂಗಳ. ನಮ್ಮ ವಠಾರದ ಲೆಕ್ಕಾಚಾರ ಅಂದ್ಕೊಳ್ಳಿ.

ಆದರೆ ಜನ ಬರೋಕೆ ಮುಂಚೆ ರೈಲು ಬರಲಿಲ್ಲ. ಮಾನ್‌ಖುರ್ದ್‌ನಿಂದ ವಾಶಿಗೆ ಲೋಕಲ್ ರೈಲು ಓಡಿದ್ದು 1992ರಲ್ಲಿ, ಸಿಡ್ಕೋ ಶುರುವಾಗಿ 22 ವರ್ಷದ ಮೇಲೆ. ಅಷ್ಟರೊಳಗೆ ರಸ್ತೆಯೇ ಊರಿನ ಆಕಾರ ನಿರ್ಧರಿಸಿತ್ತು. ನೋಡ್‌ಗಳ ಒಳಗೆ ಫುಟ್‌ಪಾತ್ ಇದೆ, ಮರ ಇದೆ, ಥಾಣೆ-ಡೊಂಬಿವಲಿಗೆ ಹೋಲಿಸಿದ್ರೆ ಸ್ವರ್ಗ. ಆದರೆ ನೋಡ್‌ನಿಂದ ನೋಡ್‌ಗೆ ಹೋಗೋ ರಸ್ತೆ ಹೆದ್ದಾರಿಯ ಹಾಗೆ. ವಾಶಿಯಿಂದ ಬೇಲಾಪುರದವರೆಗೆ ಖಾರಿ ಪಕ್ಕ ಹೋಗೋ ಪಾಮ್ ಬೀಚ್ ರಸ್ತೆ ಇದಕ್ಕೆ ಒಳ್ಳೆ ಉದಾಹರಣೆ. ಅಗಲ, ನೇರ. ಇಂಥ ರಸ್ತೆ ಕಂಡರೆ ಕಾರಿನವನ ಕಾಲು ತಾನೇ ಆಕ್ಸಿಲರೇಟರ್ ಒತ್ತುತ್ತೆ. ಅದೇ ಗಾಳಿ, ಅದೇ ನೋಟಕ್ಕೆ ಬೆಳಗಿನ ಜಾವ ಸೈಕಲ್‌ನೋರೂ ಓಡೋರೂ ಬರ್ತಾರೆ.

2024ರ ಫೆಬ್ರವರಿ 28ರ ಬೆಳಗಿನ ಜಾವ ಆ ರಸ್ತೆಯಲ್ಲಿ ನೆರೂಲ್ ಹತ್ತಿರ ಅವತಾರ್ ಸೈನಿ ತೀರಿಕೊಂಡರು. ಗೆಳೆಯರ ಜೊತೆ ಸೈಕಲ್ ಹೊಡೀತಿದ್ದರು, ಹಿಂದಿನಿಂದ ವೇಗವಾಗಿ ಬಂದ ಟ್ಯಾಕ್ಸಿ ಗುದ್ದಿತು. ವಯಸ್ಸು 68. ಇಂಟೆಲ್‌ನಲ್ಲಿ 386, 486 ಚಿಪ್‌ಗಳ ಮೇಲೆ ಕೆಲಸ ಮಾಡಿದ್ದವರು, ಪೆಂಟಿಯಂ ವಿನ್ಯಾಸದ ಮುಂದಾಳುಗಳಲ್ಲಿ ಒಬ್ಬರು, ಇಂಟೆಲ್ ಇಂಡಿಯಾದ ಮುಖ್ಯಸ್ಥರಾಗಿದ್ದವರು. 1990ರ ದಶಕದಲ್ಲಿ ಕಂಪ್ಯೂಟರ್ ಕಲಿತ ನಮ್ಮಲ್ಲಿ ಎಷ್ಟೋ ಜನರ ಮೊದಲ ಯಂತ್ರದೊಳಗೆ ಅವರ ಕೆಲಸ ಇತ್ತು. ದೊಡ್ಡ ಹೆಸರು, ಹಾಗಾಗಿ ಪತ್ರಿಕೆಗಳಲ್ಲಿ ಬಂತು. ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕ ನೋಡಿ: 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ನಡೆದು ಹೋಗ್ತಿದ್ದವರೇ 32,825. ಇವರಲ್ಲಿ ಹೆಚ್ಚಿನವರ ಹೆಸರು ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಈ ಮೂರು ವರ್ಗದ ತಿಕ್ಕಾಟಕ್ಕೆ ಆಡಳಿತ ಏನು ಪರಿಹಾರ ಹುಡುಕಿತು? ಬಹಳ ಸಲ ಒಂದೇ: ನಿಧಾನದವರನ್ನ ಅಲ್ಲಿಂದ ತೆಗೆಯೋದು. 2002ರಲ್ಲಿ ಪೂರ್ತಿಯಾದ ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇ ನವಿ ಮುಂಬಯಿಯ ಕಳಂಬೋಲಿಯಿಂದ ಶುರುವಾಗುತ್ತೆ. ಅಲ್ಲಿ ಪಾದಚಾರಿ, ಸೈಕಲ್, ಬೈಕು, ರಿಕ್ಷಾ ಯಾರಿಗೂ ಪ್ರವೇಶ ಇಲ್ಲ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವೂ ಹಾಗೇ. ಊರ ಹೊರಗಿನ ವೇಗದ ರಸ್ತೆಗೆ ಇದು ಸರಿ, ನನ್ನ ತಕರಾರಿಲ್ಲ. ಅದೇ ಬುದ್ಧಿ ಊರೊಳಗೆ ಬಂದಾಗ ತೊಂದರೆ. 2008ರಲ್ಲಿ ಬಾಂದ್ರಾದಲ್ಲಿ ಮೊದಲ ಸ್ಕೈವಾಕ್ ತೆರೆಯಿತು, ಆಮೇಲೆ ಕಲ್ಯಾಣ್‌ವರೆಗೂ ಸ್ಟೇಶನ್ ಸ್ಟೇಶನ್‌ಗೆ ಅವು ಬಂದವು. ಅರ್ಥ ಏನು? ಗಾಡಿ ನೆಲದ ಮೇಲೆ ಇರಲಿ, ಮನುಷ್ಯ ಮೆಟ್ಟಿಲು ಹತ್ತಲಿ. ಮಂಡಿನೋವಿನ ಅಜ್ಜಿ, ಮಗು ಎತ್ತಿಕೊಂಡ ತಾಯಿ, ಹೂಕೋಸಿನ ಚೀಲ ಹೊತ್ತವರು ಹತ್ತಬೇಕು. ಹಾಗಾಗಿ ಎಷ್ಟೋ ಜನ ಕೆಳಗೇ ನಡೀತಾರೆ, ಆಮೇಲೆ "ಸ್ಕೈವಾಕ್ ಇದ್ರೂ ಬಳಸಲ್ಲ" ಅಂತ ಬೈಸಿಕೊಳ್ತಾರೆ.

ಇದಕ್ಕೆ ಎದುರು ಉದಾಹರಣೆಯೂ ಅದೇ ಸೀಮೆಯಲ್ಲಿದೆ, ಥಾಣೆ ಸ್ಟೇಶನ್ನಿನ ಪಶ್ಚಿಮಕ್ಕೆ. ಸ್ಯಾಟಿಸ್ ಅಂತ ಕರೀತಾರೆ. ಅಲ್ಲಿ ಬಸ್ಸನ್ನೇ ಮೇಲೆ ಹತ್ತಿಸಿದರು. ರೈಲಿನ ಪಾದಚಾರಿ ಸೇತುವೆಯಿಂದ ಬಂದವರು ಆ ಮಟ್ಟದಲ್ಲೇ ಬಸ್ ಹಿಡೀತಾರೆ, ರಿಕ್ಷಾ ಕೆಳಗೆ. ದಟ್ಟಣೆ ಪೂರ್ತಿ ಹೋಯಿತು ಅಂತ ನಾನು ಹೇಳಲ್ಲ. ಆದರೆ ಹತ್ತಬೇಕಾದದ್ದು ಎಂಜಿನ್, ಮಂಡಿ ಅಲ್ಲ ಅಂತ ಒಂದು ಸಲ ಯಾರೋ ಯೋಚಿಸಿದರಲ್ಲ!

ಊರು ಎರಡು ಭಾಗ ಆಯಿತು ಅಂದಿದ್ದೆ. ಅದರ ಬೆಲೆ ಗೊತ್ತಾಗಿದ್ದು 2018ರಲ್ಲಿ. ಕಲ್ಯಾಣ್‌ನಲ್ಲಿ ನೂರು ವರ್ಷ ದಾಟಿದ್ದ ಪತ್ರಿ ಪೂಲ್ ಅಪಾಯ ಅಂತ ಮುಚ್ಚಿ ಒಡೆದರು. ಹೊಸದು ತೆರೆದಿದ್ದು 2021ರಲ್ಲಿ. ಈ ನಡುವೆ 2019ರಲ್ಲಿ ಡೊಂಬಿವಲಿಯ ಕೋಪರ್ ಸೇತುವೆಯೂ ಮುಚ್ಚಿತು, ಅದೂ 2021ರವರೆಗೆ. ಬಸ್ಸು, ಲಾರಿ, ಬೈಕು, ಸೈಕಲ್, ಶಾಲೆ ಮಕ್ಕಳು ಎಲ್ಲ ಉಳಿದ ಒಂದೆರಡು ದಾಟುಗಳಲ್ಲಿ ತುಂಬಿಕೊಂಡರು. ಆ ದಿನಗಳಲ್ಲಿ ಜನರ ಶಿಸ್ತು ಇದ್ದಕ್ಕಿದ್ದ ಹಾಗೆ ಕೆಡಲಿಲ್ಲ. ಜಾಗ ಕಡಿಮೆಯಾಯಿತು, ಜಗಳ ಹೆಚ್ಚಾಯಿತು.

ಸೈಕಲ್ ದಾರಿ ಕಟ್ಟಿದ್ರೆ ಆಯ್ತಲ್ಲ ಅಂತ ಕೇಳಬಹುದು. ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ 2011ರಲ್ಲಿ ಕಟ್ಟಿದರು. ಮನೆಯಿಂದ ಅಲ್ಲಿಗೆ ಸೈಕಲ್‌ನಲ್ಲಿ ಬರೋಕೆ ದಾರಿ ಇಲ್ಲ, ಅಲ್ಲಿಗೆ ಬಂದಮೇಲೆ ಮಾತ್ರ ದಾರಿ! ಕೊನೆಗೆ ಅದು ಪಾರ್ಕಿಂಗ್ ಆಯಿತು, 2025ರಲ್ಲಿ ಅದನ್ನ ತೆಗೆದು ಕಾರಿಗೆ ಇನ್ನೊಂದು ಲೇನ್ ಮಾಡೋ ತೀರ್ಮಾನ ಬಂತು. ನವಿ ಮುಂಬಯಿಯಲ್ಲಿ 2018ರಲ್ಲಿ ಯುಲು ಬಾಡಿಗೆ ಸೈಕಲ್ ಬಂದಾಗ ಉತ್ಸಾಹ ಇತ್ತು, ಆದರೆ ಸೈಕಲ್ ಕೊಟ್ಟ ಹಾಗೆ ಓಡಿಸೋಕೆ ಭಯವಿಲ್ಲದ ಜಾಗವನ್ನೂ ಕೊಡಬೇಕಲ್ಲ. ಇನ್ನೊಂದು ಮಾತು. ನಾವು ಸೈಕಲ್ ಅಂದಾಗ ಹೆಲ್ಮೆಟ್ ಹಾಕಿದ ಭಾನುವಾರದ ಸವಾರ ಕಣ್ಣಿಗೆ ಬರ್ತಾನೆ. ಬೆಳಿಗ್ಗೆ ಪಾವ್ ತರೋನು, ಪೊಂ ಪೊಂ ಹಾರ್ನ್ ಒತ್ತಿಕೊಂಡು ಇಡ್ಲಿ ಮಾರೋನು, ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್ ಕಣ್ಣಿಗೆ ಬರಲ್ಲ. ದಿನಾ ರಸ್ತೆ ಮೇಲಿರೋನು ಅವನೇ. ಅವನು ಪಾಮ್ ಬೀಚ್‌ಗೆ ಗಾಳಿ ಕುಡಿಯೋಕೆ ಬಂದವನಲ್ಲ, ಕೆಲಸಕ್ಕೆ ಹೊರಟವನು.

ಬೇರೆ ದೇಶದವರು ಹುಟ್ಟಿನಿಂದಲೇ ಶಿಸ್ತಿನವರಾ? ನೆದರ್ಲೆಂಡ್ಸ್ ಅಂದ್ರೆ ಇವತ್ತು ಸೈಕಲ್ ದೇಶ. 1971ರಲ್ಲಿ ಅಲ್ಲಿ ರಸ್ತೆಯಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಿ ತಂದೆಯರು ಬೀದಿಗಿಳಿದರು, ಮಕ್ಕಳ ಕೊಲೆ ನಿಲ್ಲಿಸಿ ಅನ್ನೋದೇ ಅವರ ಚಳವಳಿಯ ಹೆಸರು. ಪರಿಹಾರವಾಗಿ ಮಕ್ಕಳನ್ನ ಮೆಟ್ಟಿಲು ಹತ್ತಿಸಲಿಲ್ಲ, ಮನೆ ಮುಂದಿನ ಬೀದಿಯಲ್ಲಿ ಕಾರಿನ ವೇಗ ಇಳಿಸಿದರು. ಲೆಕ್ಕ ಸುಲಭ: 60 ಕಿ.ಮೀ. ವೇಗದ ಗಾಡಿಯ ಹೊಡೆತದ ಶಕ್ತಿ 30 ಕಿ.ಮೀ. ವೇಗದ್ದರ ನಾಲ್ಕು ಪಟ್ಟು.

ನಮ್ಮ ನ್ಯಾಯಾಲಯಗಳೂ ಈ ಕಡೆ ಬಂದಿವೆ. 1985ರಲ್ಲಿ ಮುಂಬಯಿಯ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಇರೋದು ನಡೆಯೋರಿಗೆ ಅಂತಲೂ, ಅಲ್ಲಿ ಬದುಕೋ ಬಡವನ ಜೀವನೋಪಾಯವೂ ಜೀವಿಸುವ ಹಕ್ಕಿನ ಭಾಗ ಅಂತಲೂ ಎರಡನ್ನೂ ಹೇಳಿತು. 2025ರ ಮೇ 14ರಂದು ಅದೇ ಕೋರ್ಟ್, ಫುಟ್‌ಪಾತ್ ಬಳಸೋ ಪಾದಚಾರಿಯ ಹಕ್ಕು ಸಂವಿಧಾನದ 21ನೇ ವಿಧಿಯೊಳಗೇ ಇದೆ ಅಂತ ಹೇಳಿ, ರಾಜ್ಯಗಳಿಗೆ ಮಾರ್ಗಸೂಚಿ ಮಾಡಿ ಅಂತ ಸೂಚಿಸಿತು.

ನನ್ನ ಮಾತಿನ ಸಾರ ಇಷ್ಟೇ. ಬಿಲ್ಲೆ ಕಾಲದಲ್ಲಿ ಇದ್ದ ನಿಯಮ ಸರಿಯಾಗಿತ್ತು, ವೇಗ ಇರೋನ ಮೇಲೆ ಹೊಣೆ ಇರಬೇಕು. ಇನ್ಮೇಲೆ ನಿಮ್ಮೂರಲ್ಲಿ ಹೊಸ ಫ್ಲೈಓವರ್, ಹೊಸ ರಸ್ತೆಯ ನಕ್ಷೆ ತೋರಿಸಿದಾಗ ಎಷ್ಟು ನಿಮಿಷ ಉಳಿಯುತ್ತೆ ಅಂತ ಕೇಳೋ ಮುಂಚೆ ಒಂದು ಪ್ರಶ್ನೆ ಕೇಳಿ: ಇದರಲ್ಲಿ ಇಡ್ಲಿಯವನ ಸೈಕಲ್ ಎಲ್ಲಿ ಹೋಗುತ್ತೆ, ಅಜ್ಜಿ ಎಲ್ಲಿ ದಾಟ್ತಾಳೆ?

ನಿಮ್ಮ ಮನೆಯ ಹಳೇ ಪೆಟ್ಟಿಗೆಯಲ್ಲಿ ಸೈಕಲ್ ಬಿಲ್ಲೆ ಇದ್ರೆ ಫೋಟೋ ತೆಗೆದು ಕಳಿಸಿ, ಯಾವ ಊರಿಂದು, ಯಾವ ವರ್ಷದ್ದು ಅಂತ ಬರೀರಿ. ಸಾಕಷ್ಟು ಸೇರಿದ್ರೆ ಅದರ ಮೇಲೇ ಒಂದು ಸಂಚಿಕೆ ಮಾಡೋಣ.