ಇನ್ಸುಲಿನ್: ಆರಂಭಕ್ಕೆ ಮುನ್ನ ಎಚ್ಚರಿಕೆ
ಮಧುಮೇಹಕ್ಕೆ ವೈದ್ಯರ ಚೀಟಿಯ ಮೇಲೆ ಪಡೆಯಬೇಕಾದ ಚುಚ್ಚುಮದ್ದು. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಾಗಲಿ, ಹರಿಹರದ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ ಚಿಕಿತ್ಸೆ ಆರಂಭಿಸುವ ಮುನ್ನ ಮೂತ್ರಪಿಂಡ ಹಾಗೂ ಯಕೃತ್ತಿನ ತೊಂದರೆ, ಅಲರ್ಜಿ, ಗರ್ಭಧಾರಣೆ, ಸೇವಿಸುತ್ತಿರುವ ಇತರ ಔಷಧಗಳನ್ನು ವೈದ್ಯರಿಗೆ ತಿಳಿಸಬೇಕು.

ಅಳತೆ: ಭಾರತದಲ್ಲಿ ಮಿಲಿಲೀಟರಿಗೆ 40 ಮತ್ತು 100 ಯೂನಿಟ್‌ಗಳ ಇನ್ಸುಲಿನ್ ಎರಡೂ ಬಳಕೆಯಲ್ಲಿವೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಅಳೆದರೆ ಎರಡೂವರೆ ಪಟ್ಟು ಹೆಚ್ಚು ದೇಹ ಸೇರಿ ಪ್ರಾಣಾಪಾಯವಾಗಬಹುದು. ಸೂಜಿ, ಪೆನ್ನುಗಳನ್ನು ಮತ್ತೊಬ್ಬರೊಂದಿಗೆ ಹಂಚಿಕೊಳ್ಳಬಾರದು.

ಸಂಗ್ರಹ: ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು, ಹೆಪ್ಪುಗಟ್ಟಿದ್ದನ್ನು ಬಳಸಬಾರದು. ಬಯಲುಸೀಮೆಯ ಬೇಸಿಗೆಯಲ್ಲಿ ಬಿಸಿಲು ತಾಗದಂತೆ ಕಾಪಾಡುವುದು ಅತ್ಯಗತ್ಯ.

ಅಪಾಯ ಸೂಚನೆ: ಬೆವರು, ನಡುಕ, ಗೊಂದಲ ಕಂಡರೆ ಅಥವಾ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ (ಡೆಸಿಲೀಟರಿಗೆ) ಕೆಳಗಿಳಿದರೆ, ಎಚ್ಚರವಿರುವ ರೋಗಿಗೆ ತಕ್ಷಣ 15 ಗ್ರಾಂ ಸಕ್ಕರೆ ಕೊಡಬೇಕು, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.