ಧೋತರ ಉಟ್ಟ ಸ್ಪೈಡರ್‌ಮ್ಯಾನ್

ಸೂಪರ್‌ಹೀರೋ ಅಂದರೆ ಮೈಗಂಟಿದ ಬಿಗಿ ಉಡುಪು ಎಂದು ನಂಬಿದ್ದ ಕಾಮಿಕ್ಸ್ ಲೋಕಕ್ಕೆ 2004ರಲ್ಲಿ ಧೋತರ ಉಟ್ಟ ಸ್ಪೈಡರ್‌ಮ್ಯಾನ್ ಬಂದ. ಹೆಸರು ಪವಿತ್ರ್ ಪ್ರಭಾಕರ್. ಮಾರ್ವೆಲ್ ಜೊತೆಗೂಡಿ ಗೋಥಮ್ ಕಾಮಿಕ್ಸ್ ಹೊರತಂದ ‘ಸ್ಪೈಡರ್‌ಮ್ಯಾನ್: ಇಂಡಿಯಾ’ ನಾಲ್ಕು ಸಂಚಿಕೆಗಳ ಕಥೆ. ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಅವರೊಂದಿಗೆ ಪಾತ್ರವನ್ನು ಕಟ್ಟಿ, ಚಿತ್ರ ಬಿಡಿಸಿದವರು ಜೀವನ್ ಜೆ. ಕಾಂಗ್.

ಪವಿತ್ರ್ ಹಳ್ಳಿಯ ಹುಡುಗ. ತಂದೆತಾಯಿ ಇಲ್ಲ. ಸ್ಕಾಲರ್‌ಶಿಪ್ ಸಿಕ್ಕಿತೆಂದು ಭೀಮ್ ಮಾಮ, ಮಾಯಾ ಅತ್ತೆಯ ಜೊತೆ ಮುಂಬೈಗೆ ಬರುತ್ತಾನೆ. ಶಾಲೆಯಲ್ಲಿ ಅವನ ಓದಿನ ಹುಚ್ಚಿಗೂ, ಉಟ್ಟ ಬಟ್ಟೆಗೂ ಹುಡುಗರು ನಗುತ್ತಾರೆ. ಅವರಿಂದ ತಪ್ಪಿಸಿಕೊಂಡು ಓಡುವಾಗ ಎದುರಾದ ಯೋಗಿಯೊಬ್ಬ ಅವನಿಗೆ ಜೇಡನ ಶಕ್ತಿ ಕೊಡುತ್ತಾನೆ. ಕಾಂಗ್ ಅವರ ದೊಡ್ಡ ನಿರ್ಧಾರ ಇಲ್ಲಿದೆ. ಶಕ್ತಿ ಬಂದ ಮೇಲೂ ಹುಡುಗ ಧೋತರ ಬಿಚ್ಚುವುದಿಲ್ಲ. ನಗೆಪಾಟಲಿಗೆ ಗುರಿಯಾದದ್ದೇ ವೀರನ ವೇಷವಾಗುತ್ತದೆ.

ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ರಾಯಚೂರಿಗೆ ಓದಲು ಬಂದ ನನ್ನಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ನಾವು ಧೋತರ ಉಟ್ಟು ಬಂದವರಲ್ಲ. ನಗು ಬಿದ್ದದ್ದು ನಮ್ಮ ಮಾತಿನ ಮೇಲೆ. ಹಾಸ್ಟೆಲ್ ಸೇರಿದ ತಿಂಗಳೊಳಗೆ ಎಷ್ಟೋ ಜನ ಮನೆಮಾತನ್ನು ಮಡಿಚಿ ಟ್ರಂಕಿನಲ್ಲಿಟ್ಟೆವು.

ಚಿತ್ರದ ಲೆಕ್ಕದಲ್ಲೂ ಆ ಧೋತರಕ್ಕೆ ಕೆಲಸವಿದೆ. 1962ರಲ್ಲಿ ಸ್ಟೀವ್ ಡಿಟ್ಕೊ ರೂಪಿಸಿದ ಮೂಲ ಸ್ಪೈಡರ್‌ಮ್ಯಾನ್‌ಗೆ ಸೂಪರ್‌ಮ್ಯಾನ್‌ನಂತೆ ಬೆನ್ನಮೇಲೆ ಹಾರುವ ಬಟ್ಟೆ ಇರಲಿಲ್ಲ. ಅವನ ವೇಗವೆಲ್ಲ ಮೈಯ ತಿರುವಿನಲ್ಲೇ ಕಾಣಬೇಕು. ಕಾಂಗ್ ಚಿತ್ರದಲ್ಲಿ ಗಾಳಿ ತುಂಬಿದ ಧೋತರವೂ ಆ ವೇಗವನ್ನು ಹೇಳುತ್ತದೆ. ಸೊಂಟದ ಮೇಲೆ ಜೇಡನ ಬಲೆಯ ಗೆರೆಗಳ ಅಮೆರಿಕ, ಸೊಂಟದ ಕೆಳಗೆ ನೆರಿಗೆಗಳ ಭಾರತ. ಗ್ರೀನ್ ಗಾಬ್ಲಿನ್ ಕೂಡ ಯಂತ್ರ ಹತ್ತಿ ಬರುವ ಖಳನಾಗಿ ಉಳಿಯದೆ ರಾಕ್ಷಸನಾಗಿದ್ದಾನೆ.

ಕಾಂಗ್ ಅವರ ಮುಂದಿನ ದಾರಿ ಈ ಯೋಗಿ, ರಾಕ್ಷಸರ ಕಡೆಗೇ ಹೊರಳಿತು. 2006ರಲ್ಲಿ ಶುರುವಾದ ವರ್ಜಿನ್ ಕಾಮಿಕ್ಸ್‌ನ ಸ್ಟುಡಿಯೋ ಬೆಂಗಳೂರಿನಲ್ಲಿತ್ತು. ಆ ಕಂಪನಿಗೆ ಅವರು ಬಿಡಿಸಿದ ‘ದಿ ಸಾಧು’ ಬ್ರಿಟಿಷ್ ಸೈನಿಕನೊಬ್ಬ ಸಾಧುವಾಗುವ ಕಥೆ. 2008ರಲ್ಲಿ ಕಂಪನಿ ಕೈಬದಲಾಗಿ ಲಿಕ್ವಿಡ್ ಕಾಮಿಕ್ಸ್ ಆಯಿತು. ಮುಂದೆ ಗ್ರಾಫಿಕ್ ಇಂಡಿಯಾದಲ್ಲಿ ಸ್ಟಾನ್ ಲೀ ಜೊತೆಗಿನ ‘ಚಕ್ರ’ ಬಂತು. 2021ರಲ್ಲಿ ನವೀನ್ ಜಾನ್ ಜೊತೆ ‘ದಿ ಲೆಜೆಂಡ್ ಆಫ್ ಹನುಮಾನ್’ ಆನಿಮೇಷನ್ ಸರಣಿಯನ್ನು ಅವರು ನಿರ್ದೇಶಿಸಿದರು. ಕೈ ಪಳಗಿದೆ, ಹರಹು ದೊಡ್ಡದಾಗಿದೆ. ಆದರೆ ಬಲದ ಮೂಲ ಮಾತ್ರ ಪ್ರತಿ ಸಲವೂ ಯೋಗ ಇಲ್ಲವೆ ಪುರಾಣ. ಪವಿತ್ರನ ಹಳ್ಳಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಧೋತರದ ಕಚ್ಚೆ ಬಿಗಿದು ದುಡಿಯುವವರಿದ್ದರಲ್ಲ, ಅವರ ಬಲ ಚಿತ್ರಕ್ಕೆ ಬರಲೇ ಇಲ್ಲ.

ಅಂಥ ಬಲವನ್ನು ಬಿಡಿಸಲು ಬರುವುದಿಲ್ಲವೇ? ಬರುತ್ತದೆ ಎಂಬುದಕ್ಕೆ ಸಾಕ್ಷಿ ರಾಯಚೂರು ಕೋಟೆಯ ಗೋಡೆಯಲ್ಲಿದೆ. ಅಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿನ ಮೇಲೆ 1294ರ ತೆಲುಗು ಶಾಸನವಿದೆ. ಗೋರೆ ಗಂಗಯ್ಯ ರೆಡ್ಡಿಯ ಅಪ್ಪಣೆಯಂತೆ ವಿಠ್ಠಲ ಎಂಬವನು ಕೋಟೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಪಕ್ಕದಲ್ಲೇ ಆ ಕಲ್ಲನ್ನು ತಂದ ಬಗೆಯ ರೇಖಾಚಿತ್ರವಿದೆ. ಗಟ್ಟಿ ಗಾಲಿಗಳ ಬಂಡಿ, ಸಾಲು ಹಿಡಿದು ಎಳೆಯುವ ಕೋಣಗಳು, ಅವನ್ನು ಹುರಿದುಂಬಿಸುವ ಆಳುಗಳು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವವರು. ಅಕ್ಷರದಲ್ಲಿ ಒಡೆಯರ ಹೆಸರಿದೆ, ಚಿತ್ರದಲ್ಲಿ ದುಡಿದವರ ಮೈಯಿದೆ. ಬರಹವೂ ಚಿತ್ರವೂ ಒಂದಕ್ಕೊಂದು ಹೇಳದ್ದನ್ನು ಹೇಳುವುದೇ ಕಾಮಿಕ್ಸ್ ಎನ್ನುವುದಾದರೆ, ಅದರ ಹಳೆಯ ಪುಟವೊಂದು ನಮ್ಮ ಊರಿನಲ್ಲೇ ಇದೆ. ಒಬ್ಬನೇ ಎತ್ತಲಾಗದ್ದನ್ನು ಹಲವರು ಸೇರಿ ತಂದ ಕಥೆ ಅದು.

2023ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಸಿನಿಮಾದಲ್ಲಿ ಪವಿತ್ರ್ ಮತ್ತೆ ಬಂದ. ಅವನ ‘ಮುಂಬಾಟನ್’ ನಗರಕ್ಕೆ ಮಾದರಿ ಹುಡುಕಿದ ಕಲಾವಿದರು 1970ರ ದಶಕದ ಇಂದ್ರಜಾಲ್ ಕಾಮಿಕ್ಸ್‌ನ ಬಣ್ಣಗಳತ್ತ ನೋಡಿದರು. ಅಮೆರಿಕದ ಫ್ಯಾಂಟಮ್‌ನನ್ನು ನಮ್ಮ ಮನೆಗಳಿಗೆ ತಂದಿದ್ದ ಪುಸ್ತಕಗಳವು. ಸಾಲ ಹೀಗೆ ಎರಡೂ ದಿಕ್ಕಿಗೆ ತೀರಿತು. ಧೋತರದ ಕುರುಹು ಉಡುಪಿನಲ್ಲಿ ಉಳಿಯಿತು. ಆದರೆ ಅದಕ್ಕಾಗಿ ನಗಿಸಿಕೊಂಡ ಹಳ್ಳಿ ಹುಡುಗ ಕಾಣೆಯಾದ. ಈ ಪವಿತ್ರ್ ಹುಟ್ಟಿದಾಗಿನಿಂದ ನಗರದವನೇ ಅನ್ನಿಸುವಂತಿದ್ದಾನೆ.

ಆದ್ದರಿಂದಲೇ 2004ರ ಆ ನಾಲ್ಕು ಸಂಚಿಕೆಗಳು ನನಗೆ ಮುಖ್ಯ. ಊರನ್ನು ತೋರಿಸದಿದ್ದರೂ ಊರಿನ ಬಟ್ಟೆಯನ್ನು ಕಾಂಗ್ ಕಳಚಲಿಲ್ಲ. ಊರನ್ನೇ ಬಿಡಿಸುವ ಕೆಲಸ ಬಾಕಿಯಿದೆ. ಅದಕ್ಕೆ ಕೈ ಹಾಕುವವರು ಮೊದಲು ಒಂದು ಮಧ್ಯಾಹ್ನ ರಾಯಚೂರು ಕೋಟೆಯ ಆ ಗೋಡೆಯ ಮುಂದೆ ನಿಲ್ಲಲಿ.